ಅಲುಗದ ಗೊಂಬೆ, ಅಲುಗುವ ಚಿತ್ರ

ಸೆಕೆಂಡಿಗೆ 24 ಸ್ಥಿರಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದರೆ ನಮ್ಮ ಮಿದುಳು ಅವುಗಳನ್ನು ಬಿಡಿಬಿಡಿಯಾಗಿ ಕಾಣದೆ ಒಂದೇ ಚಲನೆ ಎಂದು ಗ್ರಹಿಸುತ್ತದೆ. ಸಿನಿಮಾ ನಿಂತಿರುವುದು ಇದರ ಮೇಲೆಯೇ. ಪಠ್ಯಪುಸ್ತಕಗಳು ಇದಕ್ಕೆ ‘ದೃಷ್ಟಿ ಸಾತತ್ಯ’ವೊಂದನ್ನೇ ಕಾರಣವಾಗಿ ಹೇಳುವುದುಂಟು. ಆದರೆ ರೆಟಿನಾದ ಮೇಲೆ ಬಿಂಬ ಕ್ಷಣಕಾಲ ಉಳಿಯುವುದಷ್ಟೇ ಆಗಿದ್ದರೆ ನಮಗೆ ಕಾಣಬೇಕಾದದ್ದು ಚಿತ್ರಗಳ ಕಲಸುಮೇಲೋಗರ. ಎರಡು ಸ್ಥಾನಗಳ ನಡುವಿನ ಚಲನೆಯನ್ನು ತುಂಬಿಕೊಡುವುದು ಮಿದುಳಿನ ಕೆಲಸ.

ಈ ಸಂಗತಿಯನ್ನು ಅತ್ಯಂತ ತಾಳ್ಮೆಯಿಂದ ಬಳಸುವ ವಿಧಾನವೆಂದರೆ ‘ಸ್ಟಾಪ್ ಮೋಷನ್’. ಗೊಂಬೆಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯುವುದು, ಅದರ ಕೈಯನ್ನು ಒಂದೆರಡು ಮಿಲಿಮೀಟರ್ ಸರಿಸಿ ಇನ್ನೊಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಭಾರತಕ್ಕೆ ಇದು ಹೊಸದಲ್ಲ. ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ಕ್ಕೆ ಮುನ್ನ, 1912ರ ಸುಮಾರಿಗೆ, ಹಣ ಹೂಡುವವರನ್ನು ಒಪ್ಪಿಸಲು ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಬಿಟ್ಟು ಬಿಟ್ಟು ಚಿತ್ರೀಕರಿಸಿದ್ದರು. 1915ರಲ್ಲಿ ಬೆಂಕಿಕಡ್ಡಿಗಳನ್ನೇ ಕುಣಿಸಿದರು. ಇತ್ತ ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರ್ 1918ರಲ್ಲಿ ತಮ್ಮದೇ ಕ್ಯಾಮೆರಾ ತಯಾರಿಸಿದರು. ಕೈಯಿಂದ ತಿರುಗಿಸುವ ಆ ಕಾಲದ ಅನೇಕ ಕ್ಯಾಮೆರಾಗಳಲ್ಲಿ ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮು ಮುಂದೆ ಹೋಗುತ್ತಿತ್ತು. ಹಿಡಿಕೆಯನ್ನು ಇನ್ನೊಂದು ತೂತಿಗೆ ಸಿಕ್ಕಿಸಿದರೆ ಸುತ್ತಿಗೆ ಒಂದೇ ಫ್ರೇಮು. ಚಮತ್ಕಾರದ ದೃಶ್ಯಗಳೆಲ್ಲ ಹುಟ್ಟಿದ್ದು ಆ ಎರಡನೆಯ ತೂತಿನಿಂದ ಎನ್ನಬಹುದು.

ಈ ತಂತ್ರಕ್ಕೆ ವಿಶೇಷವಾಗಿ ಒಗ್ಗಿದ್ದು ‘ಗಾಥಿಕ್’ ಎಂದು ಕರೆಯಲಾಗುವ ಕಥೆಗಳು. ಹಳೆಯ ಮನೆ, ಉದ್ದ ನೆರಳು, ಬೀಗ ಹಾಕಿದ ಬಾಗಿಲು, ಸತ್ತವರ ಸುಳಿವು. ಇದಕ್ಕೂ ಭೌತವಿಜ್ಞಾನದ ಕಾರಣವೊಂದಿದೆ. ಸಾಮಾನ್ಯ ಸಿನಿಮಾ ಕ್ಯಾಮೆರಾದ ಕಿಂಡಿ ಪ್ರತಿ ಫ್ರೇಮಿಗೆ ಸುಮಾರು 1/48 ಸೆಕೆಂಡು ತೆರೆದಿರುತ್ತದೆ. ಅಷ್ಟರಲ್ಲಿ ಬೀಸುವ ಕೈ ಸ್ವಲ್ಪ ಚಲಿಸಿ ಚಿತ್ರ ಮಸುಕಾಗುತ್ತದೆ. ನಿಂತ ಗೊಂಬೆಗೆ ಈ ಮಸುಕು ಇಲ್ಲ. ಪ್ರತಿ ಫ್ರೇಮೂ ಚೂಪು. ಹಾಗಾಗಿ ಚಲನೆಯಲ್ಲಿ ಸೂಕ್ಷ್ಮವಾದೊಂದು ತಡವರಿಕೆ ಉಳಿಯುತ್ತದೆ. ಜೀವ ಇದೆ, ಆದರೆ ಪೂರ್ತಿ ಇಲ್ಲ ಎನಿಸುವ ಈ ದೋಷವೇ ಭಯದ ಕಥೆಗೆ ಬಂಡವಾಳ.

1993ರಲ್ಲಿ ಹೆನ್ರಿ ಸೆಲಿಕ್ ನಿರ್ದೇಶಿಸಿದ ‘ದ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’, 2005ರಲ್ಲಿ ಟಿಮ್ ಬರ್ಟನ್ ಮತ್ತು ಮೈಕ್ ಜಾನ್ಸನ್ ಅವರ ‘ಕಾರ್ಪ್ಸ್ ಬ್ರೈಡ್’ ಈ ಜಾತಿಯವು. ಎರಡನೆಯದನ್ನು ಫಿಲ್ಮಿನ ಬದಲು ಡಿಜಿಟಲ್ ಸ್ಥಿರಚಿತ್ರ ಕ್ಯಾಮೆರಾಗಳಲ್ಲಿ ತೆಗೆಯಲಾಯಿತು. ಆದರೆ ಭೌತವಿಜ್ಞಾನ ಕಲಿಸುವವನಿಗೆ ಹೆಚ್ಚು ರುಚಿಸುವುದು ಸೆಲಿಕ್ ಅವರದ್ದೇ ಆದ ‘ಕೊರಲೈನ್’. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಬಳಿಯ ಲೈಕಾ ಸ್ಟುಡಿಯೋದ ಮೊದಲ ಪೂರ್ಣ ಪ್ರಮಾಣದ ಚಿತ್ರವಿದು. ನೀಲ್ ಗೈಮನ್ ಅವರ 2002ರ ಕಾದಂಬರಿ ಇದಕ್ಕೆ ಆಧಾರ. ಹೊಸ ಮನೆಗೆ ಬಂದ ಹನ್ನೊಂದರ ಹುಡುಗಿಯೊಬ್ಬಳು ಪುಟ್ಟ ಬಾಗಿಲೊಂದರ ಮೂಲಕ ಇನ್ನೊಂದು ಮನೆಗೆ ಹೋಗುತ್ತಾಳೆ. ಅಲ್ಲಿ ಎಲ್ಲವೂ ಇದಕ್ಕಿಂತ ಚೆಂದ. ಅಲ್ಲಿರುವ ‘ತಾಯಿ’ಗೆ ಮಾತ್ರ ಕಣ್ಣಿನ ಜಾಗದಲ್ಲಿ ಗುಂಡಿಗಳು.

ಚಿತ್ರದ ಅವಧಿ 100 ನಿಮಿಷ. ಲೆಕ್ಕ ಹಾಕಿ: 100ನ್ನು 60ರಿಂದ, ಅದನ್ನು 24ರಿಂದ ಗುಣಿಸಿದರೆ 1,44,000 ಫ್ರೇಮು. ಕೊರಲೈನ್ ಪೂರ್ತಿಯಾಗಿ ಮೂರು ಆಯಾಮಗಳಲ್ಲಿ ಚಿತ್ರೀಕರಿಸಿದ ಮೊದಲ ಪೂರ್ಣಾವಧಿ ಸ್ಟಾಪ್ ಮೋಷನ್ ಚಿತ್ರ. ಎಂದರೆ ಎರಡು ಕಣ್ಣಿಗೆ ಎರಡೆರಡು ಚಿತ್ರ ಬೇಕು. ಕೊನೆಯ ಹೆಸರುಪಟ್ಟಿಯ ಅವಧಿ ಕಳೆದರೂ ಎರಡೂವರೆ ಲಕ್ಷದಷ್ಟು ಚಿತ್ರಗಳಾದವು.

ಮೂರನೆಯ ಆಯಾಮದ ವಿಚಾರ ಸ್ವಲ್ಪ ನಿಧಾನವಾಗಿ ನೋಡೋಣ. ಮೂಗಿನ ಮುಂದೆ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ತೆರೆಯಿರಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಈ ಸ್ಥಾನಪಲ್ಲಟದಿಂದಲೇ ಮಿದುಳು ದೂರವನ್ನು ಅಳೆಯುತ್ತದೆ. ದೊಡ್ಡವರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆ.ಮೀ. ಈಗ ಗೊಂಬೆಯನ್ನು ಗಮನಿಸಿ. ಕೊರಲೈನ್ ಗೊಂಬೆಯ ಎತ್ತರ ಸುಮಾರು 24 ಸೆ.ಮೀ., ಅಂದರೆ ನಿಜವಾದ ಹುಡುಗಿಯ ಆರರಲ್ಲಿ ಒಂದು ಪಾಲು. ಅದನ್ನು 6.5 ಸೆ.ಮೀ. ಅಂತರದ ಎರಡು ಕ್ಯಾಮೆರಾಗಳಲ್ಲಿ ತೆಗೆದರೆ ನೋಡುಗನಿಗೆ ಹುಡುಗಿ ಕಾಣುವುದಿಲ್ಲ, ಆಟಿಕೆ ಕಾಣುತ್ತದೆ. ಆಕೆ ಹುಡುಗಿಯಾಗಿ ಕಾಣಬೇಕಾದರೆ ‘ಕಣ್ಣುಗಳ’ ಅಂತರವನ್ನೂ ಆರರಿಂದ ಭಾಗಿಸಬೇಕು. ಸುಮಾರು 1.1 ಸೆ.ಮೀ. ಬರುತ್ತದೆ.

ಆದರೆ ಯಾವ ಸಿನಿಮಾ ಕ್ಯಾಮೆರಾದ ಮಸೂರವೂ ಅಷ್ಟು ಕಿರಿದಲ್ಲ. ಎರಡನ್ನು ಒಂದರ ಪಕ್ಕ ಒಂದಿಟ್ಟರೆ ಆ ಅಂತರ ಸಿಗುವುದಿಲ್ಲ. ಜೀವಂತ ನಟರಿದ್ದರೆ ಕನ್ನಡಿಗಳನ್ನು ಬಳಸಿ ಹೆಣಗಬೇಕಾಗುತ್ತಿತ್ತು. ಗೊಂಬೆಗಾದರೋ ಅವಸರವಿಲ್ಲ. ಒಂದೇ ಕ್ಯಾಮೆರಾವನ್ನು ಮೋಟಾರಿನ ಜಾರುಪಟ್ಟಿಯ ಮೇಲಿಟ್ಟು ಎಡಗಣ್ಣಿನ ಚಿತ್ರ ತೆಗೆದು, ಕೆಲವು ಮಿಲಿಮೀಟರ್ ಸರಿಸಿ ಬಲಗಣ್ಣಿನದ್ದನ್ನು ತೆಗೆದರು. ಗೊಂಬೆ ಎರಡೂ ಬಾರಿ ಅಲುಗದೆ ನಿಂತಿತ್ತು. ನಿಧಾನವೇ ಇಲ್ಲಿ ಅನುಕೂಲವಾಯಿತು. ಈ ಅಂತರವನ್ನು ಕಥೆಗೂ ದುಡಿಸಿಕೊಂಡರು: ಹುಡುಗಿಯ ನಿಜವಾದ ಮನೆ ಆಳವಿಲ್ಲದೆ ಚಪ್ಪಟೆಯಾಗಿ, ಇಕ್ಕಟ್ಟಾಗಿ ಕಾಣುತ್ತದೆ. ಬಾಗಿಲಿನಾಚೆಯ ಮನೆಗೆ ಆಳ ಹೆಚ್ಚು. ಏಕೆ ಹಾಗನಿಸುತ್ತದೆಂದು ನೋಡುಗನಿಗೆ ತಿಳಿಯುವುದಿಲ್ಲ, ಆದರೆ ಮೋಹ ಹುಟ್ಟುತ್ತದೆ.

ಮುಖಭಾವಕ್ಕೆ ಇನ್ನೊಂದು ಉಪಾಯ. 1993ರ ಚಿತ್ರದಲ್ಲಿ ನಾಯಕ ಜ್ಯಾಕ್‌ಗೆ ಕೈಯಿಂದ ಮಾಡಿದ ಸುಮಾರು 400 ತಲೆಗಳಿದ್ದವು. ಮಾತಿಗೆ ತಕ್ಕಂತೆ ತಲೆ ಬದಲಿಸುತ್ತಿದ್ದರು. ಕೊರಲೈನ್‌ಗೆ ಮುಖಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿ ತ್ರೀಡಿ ಮುದ್ರಣ ಯಂತ್ರದಿಂದ ರಾಳದಲ್ಲಿ ಪದರ ಪದರವಾಗಿ ಮುದ್ರಿಸಿ, ಕೈಯಿಂದ ಬಣ್ಣ ಹಚ್ಚಲಾಯಿತು. ಪೂರ್ಣಾವಧಿ ಸ್ಟಾಪ್ ಮೋಷನ್‌ನಲ್ಲಿ ಇದೇ ಮೊದಲು. ಹುಬ್ಬಿನ ಭಾಗ, ಬಾಯಿಯ ಭಾಗ ಬೇರೆ ಬೇರೆ. 400 ಹುಬ್ಬು, 500 ಬಾಯಿ ಇದ್ದರೆ 900 ತುಂಡುಗಳಿಂದ ಎರಡು ಲಕ್ಷ ಮುಖಭಾವ ಸಿಗುತ್ತವೆ ಎಂಬುದು ಪಿಯುಸಿ ವಿದ್ಯಾರ್ಥಿಗೂ ಗೊತ್ತಿರುವ ಗುಣಾಕಾರ. ನಡುವಿನ ಸೀಳುಗೆರೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಈ ಮುದ್ರಣ ವಿಧಾನಕ್ಕೆ 2016ರಲ್ಲಿ ಆಸ್ಕರ್ ಅಕಾಡೆಮಿಯ ವೈಜ್ಞಾನಿಕ-ತಾಂತ್ರಿಕ ಪ್ರಶಸ್ತಿ ಬಂತು.

ಗೊಂಬೆಯ ಕೈಯಿಂದ ಬಟ್ಟಲು ಜಾರಿ ಬೀಳಬೇಕೆನ್ನಿ. ಅದನ್ನು ನಿಜವಾಗಿ ಬೀಳಿಸುವಂತಿಲ್ಲ; ದಾರದಲ್ಲೋ ತಂತಿಯಲ್ಲೋ ತೂಗುಹಾಕಿ ಫ್ರೇಮಿಗೊಮ್ಮೆ ಇಳಿಸಬೇಕು. ಎಷ್ಟು ಇಳಿಸಬೇಕು? ಸಮಾನ ಕಾಲಾವಧಿಗಳಲ್ಲಿ ಬೀಳುವ ದೂರಗಳು 1, 3, 5, 7ರ ಅನುಪಾತದಲ್ಲಿರುತ್ತವೆ ಎಂದು ಗೆಲಿಲಿಯೊ ತೋರಿಸಿದ್ದಾನೆ. ಮೊದಲ 1/24 ಸೆಕೆಂಡಿನಲ್ಲಿ ನಿಜವಾದ ವಸ್ತು ಸುಮಾರು 8.5 ಮಿ.ಮೀ. ಬೀಳುತ್ತದೆ. ಆರರಲ್ಲೊಂದು ಪ್ರಮಾಣದಲ್ಲಿ ಅದು 1.4 ಮಿ.ಮೀ. ಮುಂದಿನ ಫ್ರೇಮುಗಳಲ್ಲಿ 4.3, 7.1, 9.9. ಸಮಸಮ ಇಳಿಸಿದರೆ ಬಟ್ಟಲು ಬಿದ್ದಂತೆ ಕಾಣುವುದಿಲ್ಲ, ಯಾರೋ ಕೆಳಗಿಟ್ಟಂತೆ ಕಾಣುತ್ತದೆ.

ಇನ್ನು ಬೆಳಕು. ನಮ್ಮ ಭಾಗದಲ್ಲಿ ತೊಗಲು ಗೊಂಬೆಯಾಟ ಕಂಡವರಿಗೆ ಇದು ಹೊಸದಲ್ಲ. ಗೊಂಬೆ ಪರದೆಗೆ ಒತ್ತಿದ್ದರೆ ನೆರಳು ಚೂಪು. ದೀಪದತ್ತ ಸರಿದಂತೆ ನೆರಳು ಹಿಗ್ಗಿ ಅಂಚು ಮಸುಕಾಗುತ್ತದೆ. ಆ ಮಸುಕಿನ ಅಗಲ ದೀಪದ ಗಾತ್ರವನ್ನು ಅವಲಂಬಿಸಿದೆ. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಪುಟ್ಟ ಮನೆಯ ಮೇಲೆ ಬಿಸಿಲಿನಂಥ ನೆರಳು ಬೇಕಿದ್ದರೆ ದೀಪವೂ ಅರ್ಧ ಡಿಗ್ರಿಯೇ ಕಾಣಬೇಕು. 10 ಸೆ.ಮೀ. ಅಗಲದ ದೀಪವನ್ನು ಸುಮಾರು ಹನ್ನೊಂದೂವರೆ ಮೀಟರ್ ದೂರದಲ್ಲಿಡಬೇಕಾಗುತ್ತದೆ! ಸಂಜೆಯ ಉದ್ದ ನೆರಳಿಗೆ ದೊಡ್ಡ ಕೊಠಡಿ ಬೇಕೆಂಬುದರ ಅರ್ಥ ಇದು.

ಬೆಳಕು ಸ್ಥಿರವಾಗಿಯೂ ಇರಬೇಕು. ಒಂದು ದೃಶ್ಯಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಸೋಮವಾರದ ಫ್ರೇಮೂ ಗುರುವಾರದ ಫ್ರೇಮೂ ತೆರೆಯ ಮೇಲೆ ಅಕ್ಕಪಕ್ಕ ಬರುತ್ತವೆ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೋಲ್ಟೇಜ್ ಶೇ. 5 ಇಳಿದರೆ ಬೆಳಕು ಶೇ. 16 ಕುಗ್ಗುತ್ತದೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಕಬ್ಬಿನ ಹೊಲಗಳ ಪಂಪ್‌ಸೆಟ್ಟುಗಳು ಒಮ್ಮೆಲೇ ಶುರುವಾದಾಗ ಮನೆಯ ದೀಪಕ್ಕೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳದು.

ಚಿತ್ರೀಕರಣಕ್ಕೇ ಸುಮಾರು 18 ತಿಂಗಳು ಹಿಡಿದು, 2009ರ ಫೆಬ್ರವರಿ 6ರಂದು ಕೊರಲೈನ್ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದನ್ನು ಮೂರು ಆಯಾಮದಲ್ಲಿ ತೋರಿಸಲು ಡಿಜಿಟಲ್ ಪ್ರೊಜೆಕ್ಟರಿನ ಮುಂದೆ ಧ್ರುವೀಕಾರಕವಿಟ್ಟು, ಎಡ-ಬಲ ಚಿತ್ರಗಳನ್ನು ಒಂದಾದ ಮೇಲೊಂದು ಸೆಕೆಂಡಿಗೆ 144 ಬಾರಿ ಬೆಳಗಿಸುವ ವ್ಯವಸ್ಥೆ ಆಗ ಹರಡುತ್ತಿತ್ತು. ರೇಖೀಯ ಧ್ರುವೀಕರಣದ ಹಳೆಯ ಕನ್ನಡಕಗಳಲ್ಲಿ ತಲೆ ವಾಲಿಸಿದರೆ ಜೋಡಿ ಬಿಂಬ ಕಾಣುತ್ತಿತ್ತು. ಈ ವ್ಯವಸ್ಥೆಯಲ್ಲಿರುವುದು ವೃತ್ತೀಯ ಧ್ರುವೀಕರಣ, ಆ ತೊಂದರೆ ಕಡಿಮೆ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಅಂಥ ತೆರೆಗಳು ಕೆಲವೇ ಇದ್ದವು. ಮೂರೇ ವಾರಕ್ಕೆ, ಫೆಬ್ರವರಿ 27ರಂದು, ಜೋನಾಸ್ ಸಹೋದರರ ಸಂಗೀತ ಕಛೇರಿಯ ತ್ರೀಡಿ ಚಿತ್ರಕ್ಕೆ ಬಹಳಷ್ಟನ್ನು ಬಿಟ್ಟುಕೊಡಬೇಕಾಯಿತು. ಆದರೂ ಜಗತ್ತಿನಾದ್ಯಂತ 12 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಹದಿನೈದು ವರ್ಷಗಳ ಮೇಲೆ, 2024ರ ಆಗಸ್ಟಿನಲ್ಲಿ ಮತ್ತೆ ಬಿಡುಗಡೆಯಾದಾಗ ಇನ್ನೂ 5 ಕೋಟಿ ಡಾಲರ್‌ಗೂ ಮಿಕ್ಕಿ ಬಂತು. ಗೊಂಬೆಗಳಿಗೆ ವಯಸ್ಸಾಗುವುದಿಲ್ಲ, ನೋಡಿ.

ಇಷ್ಟೆಲ್ಲ ಪರಿಕರ ನಮ್ಮ ಶಾಲೆಗಳಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ರಾಯಬಾಗದ ಪ್ರೌಢಶಾಲೆಯೊಂದರಲ್ಲಿ ಆಗಲಿ, ಅಥಣಿಯ ಮನೆಯೊಂದರಲ್ಲಿ ಆಗಲಿ, ಒಂದು ಮೊಬೈಲ್ ಫೋನನ್ನು ಅಲುಗದಂತೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಕ್ಯಾಮೆರಾದ ಬೆಳಕು ಮತ್ತು ನಾಭಿಯ ಹೊಂದಾಣಿಕೆಗೆ ಬೀಗ ಹಾಕಿ. ಕಿಟಕಿ ಮುಚ್ಚಿ; ಮೋಡ ಸರಿದರೂ ಚಿತ್ರ ಮಿನುಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಆದ್ದರಿಂದ ಕಿಂಡಿ ತೆರೆದಿರುವ ಕಾಲ 1/100 ಸೆಕೆಂಡಿನ ಪೂರ್ಣ ಗುಣಕವಾಗಿರಲಿ, 1/50 ಒಳ್ಳೆಯದು. ಬ್ಯಾಟರಿಯ ಎಲ್ಇಡಿ ದೀಪವಿದ್ದರೆ ಪಂಪ್‌ಸೆಟ್ಟಿನ ಕಾಟವೂ ಇಲ್ಲ, ಕರೆಂಟು ಹೋಗುವ ಭಯವೂ ಇಲ್ಲ.

ಮೊದಲ ಪ್ರಯೋಗಕ್ಕೆ ಗೊಂಬೆಗಿಂತ ಫಾಲ್ಕೆಯವರ ಬಟಾಣಿಯೇ ಸುಲಭ, ಅದು ತಾನೇ ಚಲಿಸುತ್ತದೆ. ಗಂಟೆಗೊಂದು ಚಿತ್ರ ತೆಗೆದರೆ ದಿನಕ್ಕೆ 24 ಆಗುತ್ತವೆ. ಒಂದು ದಿನದ ಬೆಳವಣಿಗೆ ತೆರೆಯ ಮೇಲೆ ಸರಿಯಾಗಿ ಒಂದು ಸೆಕೆಂಡು. ದೀಪವನ್ನು ಮಾತ್ರ ನೇರವಾಗಿ ತಲೆಯ ಮೇಲೆ ತೂಗುಹಾಕಿ. ಪಕ್ಕದಲ್ಲಿಟ್ಟರೆ ಸಸಿ ಅತ್ತಲೇ ಬಾಗಿ, ನಾಲ್ಕನೆಯ ಸೆಕೆಂಡಿನ ಹೊತ್ತಿಗೆ ಚೌಕಟ್ಟಿನಿಂದ ಹೊರಗೆ ನಡೆದುಬಿಡುತ್ತದೆ.