ಜಾಹೀರಾತಿನ ಬೊಂಬೆ

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಹಳೆಯ ಮನೆತನಗಳು ಪಾಲಾಗಿ ಸಾಮಾನು ಮಾರಾಟಕ್ಕೆ ಬಂದಾಗ, ಅಟ್ಟದಿಂದಿಳಿದ ಬೊಂಬೆಯೆಲ್ಲವೂ ನೆರೆಯ ಕಿನ್ನಾಳದ್ದೆಂದು ಸಂಗ್ರಾಹಕರು ತಿಳಿಯಲಾಗದು. ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟನ್ನು ಬಳಸಿ ಬಣ್ಣವೇರಿಸುವರು. ಅಲ್ಲಿ ಬೊಂಬೆಯೇ ಸರಕು. ಜಾಹೀರಾತಿನ ಬೊಂಬೆಯಾದರೋ ಅನ್ಯ ಸರಕಿನ ದೂತ. ಅರಬೀ ಮೂಲದ ‘ಜಾಹೀರು’ ಶಬ್ದಕ್ಕೆ ಪ್ರಕಟವೆಂದೇ ಅರ್ಥವಷ್ಟೆ. 1946ರಲ್ಲಿ ಬಾಬಿ ಕೂಕಾ ಕಲ್ಪಿಸಿ, ಉಮೇಶ ರಾವ್ ಚಿತ್ರಿಸಿದ ಏರ್ ಇಂಡಿಯಾದ ಮಹಾರಾಜನು ಇದಕ್ಕೆ ಉತ್ತಮ ಲಕ್ಷ್ಯ: ಮುಂಡಾಸು, ಗಿರಿಜಾಮೀಸೆ, ಬಾಗಿದ ಮೈ. ಅರಸನೇ ಗಿರಾಕಿಗೆ ತಲೆಬಾಗುವ ಈ ವಿನೋದವು ಸಂಸ್ಥಾನಗಳ ಅಂತ್ಯಕಾಲದಲ್ಲಿ ಹುಟ್ಟಿತೆಂಬುದು ಗಮನಾರ್ಹ. ಪೀಠದಲ್ಲಿ ಕಂಪನಿಯ ಹೆಸರಿದ್ದರೆ ಅದೇ ಮುಖ್ಯ ಪ್ರಮಾಣ. ಹೊಸ ಬಣ್ಣ ಬಳಿದರೆ ಅದು ಅಳಿಯುವುದು. ಆದಕಾರಣ ಕೊಂಡವರು ಮೃದುವಾದ ಕುಂಚದಿಂದ ಧೂಳನ್ನು ಮಾತ್ರ ತೆಗೆದು, ಬೊಂಬೆಯು ದೊರೆತ ಊರನ್ನೂ ವರ್ಷವನ್ನೂ ಚೀಟಿಯಲ್ಲಿ ಬರೆದು ಜೊತೆಗಿಡತಕ್ಕದ್ದು.