ನಿಮಗಿದು ಗೊತ್ತೆ? ರಾಡಿ ನೀರು ತಿಳಿ ಮಾಡುವ ನುಗ್ಗೆ ಬೀಜ

ಗಿಡದಲ್ಲೇ ಒಣಗಿದ ನುಗ್ಗೆಕಾಯಿ ಸಾರಿಗೆ ಬಾರದು. ಆದರೆ ಅದರ ಬೀಜ ರಾಡಿ ನೀರನ್ನು ತಿಳಿಯಾಗಿಸುತ್ತದೆ! ಬೀಜದ ಪ್ರೋಟೀನಿಗೆ ಧನ ವಿದ್ಯುದಂಶ, ನೀರಲ್ಲಿ ತೇಲುವ ಮಣ್ಣಿನ ಕಣಕ್ಕೆ ಋಣ ವಿದ್ಯುದಂಶ. ಎರಡೂ ಅಂಟಿಕೊಂಡು ಗಟ್ಟಿಯಾಗಿ ತಳ ಸೇರುತ್ತವೆ. ನೀರು ಶುದ್ಧೀಕರಣ ಘಟಕಗಳಲ್ಲಿ ಆಲಂ ಮಾಡುವ ಕೆಲಸವೂ ಇದೇ.

ಮರ ನಮ್ಮ ದೇಶದ್ದು. ಆದರೆ ಈ ಉಪಾಯಕ್ಕೆ ಹೆಸರಾದವರು ಸುಡಾನಿನ ನೈಲ್ ದಂಡೆಯ ಹೆಂಗಸರು. ನಮ್ಮಲ್ಲಿ ಇದೇ ಕೆಲಸಕ್ಕೆ ಚಿಲ್ಲದ ಬೀಜವಿತ್ತು.

ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ, ನಡುವೆ ರಾಯಚೂರು. ಮಳೆಗಾಲದಲ್ಲಿ ಎರಡೂ ಹೊಳೆಗಳ ನೀರಿಗೆ ಮಣ್ಣಿನದೇ ಬಣ್ಣ. ಪ್ರಯೋಗ ಮಾಡಿ ನೋಡುವವರಿಗೆ ಇಷ್ಟು ಸಾಕು: ಸಿಪ್ಪೆ ತೆಗೆದ ಬೀಜವನ್ನು ಲೀಟರಿಗೆ 1 ಅಥವಾ 2ರಂತೆ ಕುಟ್ಟಿ, ತುಸು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಹಾಕಿ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತಿರುವಿ. ಒಂದೆರಡು ತಾಸು ಅಲುಗಾಡಿಸದೆ ಬಿಡಿ.

ತಿಳಿಯಾಯಿತೆಂದು ಹಾಗೇ ಕುಡಿಯಬೇಡಿ. ರೋಗಾಣುಗಳೆಲ್ಲ ಸಾಯುವುದಿಲ್ಲ, ಕುದಿಸಲೇಬೇಕು. ದಿನ ಕಳೆದರೆ ನೀರು ಕೆಡುತ್ತದೆ. ಬೋರ್‌ವೆಲ್ಲಿನ ಫ್ಲೋರೈಡಿಗಂತೂ ಇದನ್ನು ನಂಬಬೇಡಿ.

ಕಬ್ಬಿಣ, ಕ್ಯಾಲ್ಸಿಯಂ ಬೇಕಿದ್ದರೆ ಸೊಪ್ಪಿದೆ, ಪಲ್ಯ ಮಾಡಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳಿ. ಬೀಜದಿಂದ ಎಣ್ಣೆಯೂ ಬರುತ್ತದೆ. ಹಿಂದೆ ಕೈಗಡಿಯಾರ ರಿಪೇರಿ ಮಾಡುವವರು ಸಣ್ಣ ಚಕ್ರಗಳಿಗೆ ಬಿಡುತ್ತಿದ್ದ ಎಣ್ಣೆಗಳಲ್ಲಿ ಅದೂ ಒಂದು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೂ ನೀರು ತಿಳಿ ಮಾಡುವ ಗುಣ ಹೋಗುವುದಿಲ್ಲ.