ಎಂಜಿನು ಎಡವಿದಾಗ

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರುಗಳಲ್ಲಿ ಹಳೆಯದೊಂದು ಏರು ಹತ್ತುತ್ತಿದೆಯೆನ್ನಿ. ಎಂಜಿನು ನಡುಗುತ್ತದೆ, ಸದ್ದಿನ ತಾಳ ತಪ್ಪುತ್ತದೆ, ಉರಿಯದ ಪೆಟ್ರೋಲು ವ್ಯರ್ಥವಾಗಿ ಹೊರಬೀಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕು ಸಿಲಿಂಡರುಗಳಲ್ಲಿ ಒಂದು ದುಡಿಯುತ್ತಿಲ್ಲ. ಅದು ಯಾವುದು?

ಈ ಪೆಟ್ರೋಲ್ ಎಂಜಿನಿನಲ್ಲಿ 1, 3, 4, 2 ಎಂಬ ಕ್ರಮದಲ್ಲಿ ಕಿಡಿ ಹಾರುತ್ತದೆ. ಪ್ರತಿ ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ. ನಿಮಿಷಕ್ಕೆ 600 ಸುತ್ತು ತಿರುಗಿದರೆ, ಒಂದೊಂದೂ ಸೆಕೆಂಡಿಗೆ 5 ಸಲ ಉರಿಯಬೇಕು.

ಎಂಜಿನು ನಿಧಾನವಾಗಿ ಓಡುತ್ತಿರುವಾಗ ನುರಿತವನು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾನೆ. ಅವುಗಳಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ತಿರುವುದರಿಂದ ರಬ್ಬರು ಹಿಡಿಯ ಇಕ್ಕುಳ ಬೇಕೇ ಬೇಕು. ದುಡಿಯುವ ಸಿಲಿಂಡರಿನ ತಂತಿ ಬಿಡಿಸಿದೊಡನೆ ಓಟ ಕುಗ್ಗುತ್ತದೆ. ಯಾವುದರಿಂದ ಕುಗ್ಗುವುದಿಲ್ಲವೋ ಅದೇ ಸೋಮಾರಿ!

ಎಂಜಿನು ನಿಲ್ಲಿಸಿ, ಆರಿದ ಬಳಿಕ, ಅದರ ಪ್ಲಗ್ಗನ್ನು ಪಕ್ಕದ್ದರೊಡನೆ ಅದಲುಬದಲು ಮಾಡೋಣ. ದೋಷವೂ ಪಕ್ಕಕ್ಕೆ ಸರಿದರೆ ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿದರೆ ತಂತಿಯನ್ನೂ ಅನಂತರ ಸಿಲಿಂಡರಿನೊಳಗಿನ ಒತ್ತಡವನ್ನೂ ಪರೀಕ್ಷಿಸಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನು ಸರಿಹೋದೀತು. ಕಾರಣ ಮಾತ್ರ ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಪ್ರಯೋಗಶಾಲೆಯ ನಿಯಮವೇ ಗ್ಯಾರೇಜಿಗೂ ದಾರಿದೀಪ.